ಮಂಗೇಶ ಭಾವನ ಮೂರನೇ ಪಾಳಿ

ನನ್ನ ಭಾವ ಮಂಗೇಶ ನಾಯ್ಕರು ಕದ್ರಾ ಅಣೆಕಟ್ಟಿನ ವಿದ್ಯುದಾಗಾರದಿಂದ ನಿವೃತ್ತರಾಗಿ ಎರಡು ವರ್ಷವಾಯಿತು. ಇದು ಕಾಗದದ ಮೇಲಿನ ಮಾತು. ಅವರ ಹೊಟ್ಟೆಯಾಗಲಿ ಕಣ್ಣಾಗಲಿ ಇನ್ನೂ ನಿವೃತ್ತಿ ಪಡೆದಿರಲಿಲ್ಲ. ಇಪ್ಪತ್ತಾರು ವರ್ಷ ಅಲ್ಲಿಯ ಕಂಟ್ರೋಲ್ ರೂಮಿನಲ್ಲಿ ಪಾಳಿ ಮಾಡಿದವರು ಅವರು. ಒಂದು ವಾರ ಬೆಳಿಗ್ಗೆ ಆರರಿಂದ ಎರಡು, ಮುಂದಿನ ವಾರ ಎರಡರಿಂದ ಹತ್ತು, ಅದರ ಮುಂದಿನ ವಾರ ರಾತ್ರಿ ಹತ್ತರಿಂದ ಬೆಳಗಿನ ಆರು. ಅಂಕೋಲೆಯ ಪಕ್ಕದ ಬೊಬ್ರುವಾಡದ ಮನೆಗೆ ಗಂಟುಮೂಟೆ ಸಮೇತ ಬಂದ ಮೇಲೂ ಆ ಚಕ್ರ ನಿಲ್ಲಲಿಲ್ಲ. ಮೊದಲನೇ ಪಾಳಿಯ ವಾರ ಭಾವ ನಮ್ಮ ನಿಮ್ಮ ಹಾಗೆ ಮನುಷ್ಯರು. ಎರಡನೇ ಪಾಳಿಯ ವಾರ ಊಟ ಮಾಡಬೇಕಾದರೆ ಗಡಿಯಾರದಲ್ಲಿ ಹತ್ತೂವರೆಯಾಗಲೇಬೇಕು. ಮೂರನೆಯ ವಾರ ಬಂತೆಂದರೆ ಕಿಟಕಿಗೆ ಕಂಬಳಿ ಕಟ್ಟಿ ಹಗಲಿಡೀ ನಿದ್ದೆ, ರಾತ್ರಿ ಒಂಬತ್ತಕ್ಕೆ ಎದ್ದು ಹಲ್ಲುಜ್ಜುವುದು, ಊರೆಲ್ಲ ಮಲಗಿದ ಮೇಲೆ ಬದನೆ ಗಿಡಗಳಿಗೆ ನೀರು ಬಿಡುವುದು. ಮೊದಮೊದಲು ನೆರೆಮನೆಯವರು ಕಳ್ಳನೆಂದು ಬೊಬ್ಬೆ ಹೊಡೆದರು. ಆಮೇಲೆ ನಾಯಿಗಳೂ ಬೊಗಳುವುದನ್ನು ಬಿಟ್ಟವು.

"ಇದೆಂತದು ಭಾವ? ಈಗ ಯಾರು ಕೇಳ್ತಾರೆ ನಿಮ್ಮನ್ನ?" ಎಂದು ನಾನು ಒಮ್ಮೆ ಕೇಳಿದೆ.

"ನೀರು ಬಂದ್ ಮಾಡಿದ ಕೂಡ್ಲೆ ಟರ್ಬೈನು ನಿಲ್ತದೆಂತಾ? ಸುತ್ತಿ ಸುತ್ತಿ ತನ್ನಷ್ಟಕ್ಕೇ ನಿಲ್ಬೇಕು," ಎಂದರು. "ಇಪ್ಪತ್ತಾರು ವರ್ಷ ಸುತ್ತಿದ್ದು. ಸ್ವಲ್ಪ ಹೊತ್ತು ಹಿಡೀತದೆ ಮಾರಾಯಾ."

ಅವರ ಹೆಂಡತಿ, ಅಂದರೆ ನನ್ನ ಅಕ್ಕ ಹೀರಾ, ಮದುವೆಯಾಗಿ ಬಂದ ದಿನದಿಂದ ಬೊಬ್ರುವಾಡದಲ್ಲೇ ಇದ್ದವಳು. ಗದ್ದೆ, ಹರಿವೆ ಮಡಿ, ಒಂದು ಆಕಳು, ಹಾಸಿಗೆ ಹಿಡಿದ ಅತ್ತೆ, ಮಗಳು ಪ್ರೇಕ್ಷಾ. ಇಷ್ಟನ್ನು ಬಿಟ್ಟು ಕದ್ರಾದ ಕ್ವಾರ್ಟರ್ಸಿಗೆ ಹೋಗಿ ಕೂರಲು ಅವಳಿಗೆ ಬಿಡುವೇ ಆಗಲಿಲ್ಲ. ಭಾವ ವಾರದ ರಜೆಗೆ ಬಂದು ಮಲಗಿ ಎದ್ದು ಹೋಗುತ್ತಿದ್ದರು. ಅತ್ತೆ ತೀರಿಕೊಂಡು ಹನ್ನೊಂದು ವರ್ಷವಾಯಿತು. ಮಗಳು ಮದುವೆಯಾಗಿ ಕುಮಟೆಯಲ್ಲಿದ್ದಾಳೆ. ಈಗ ಮನೆಯಲ್ಲಿ ಇಬ್ಬರೇ, ಆದರೂ ಇಬ್ಬರ ಗಡಿಯಾರ ಬೇರೆ.

ಭಾವನ ಕೆಲಸದ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕಂಟ್ರೋಲ್ ರೂಮಿನಲ್ಲಿ ಕೂತವನು ಪಾಳಿ ಮುಗಿಯಿತೆಂದು ಎದ್ದು ಹೋಗುವಂತಿಲ್ಲ. ಮುಂದಿನ ಪಾಳಿಯವನಿಗೆ ರಿಲೀವರ್ ಅನ್ನುತ್ತಾರೆ. ಅವನು ಬರಬೇಕು, ಪ್ರತಿ ಮೀಟರನ್ನೂ ತನ್ನ ಕಣ್ಣಿಂದ ನೋಡಬೇಕು, ರಿಜಿಸ್ಟರಿನಲ್ಲಿ ಸಹಿ ಹಾಕಿ ಚಾರ್ಜ್ ತೆಗೆದುಕೊಳ್ಳಬೇಕು, ಆಮೇಲೆ ಬಾಯಿಬಿಟ್ಟು "ನಾ ಬಂದೆ, ನೀ ಹೋಗು" ಎನ್ನಬೇಕು. ಆ ಮಾತು ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಭಾವನ ತಂಡದಲ್ಲಿ ಅದನ್ನು ಕೇಳದೆ ಯಾರೂ ಕುರ್ಚಿ ಬಿಟ್ಟವರಲ್ಲ. ಒಮ್ಮೆ ಮಳೆಗಾಲದಲ್ಲಿ ರಸ್ತೆಯ ಮೇಲೆ ನೀರು ಬಂದು ರಿಲೀವರ್ ಬರಲಾಗದೆ ಭಾವ ಇಪ್ಪತ್ತು ತಾಸು ಕೂತಿದ್ದರು. ಅವರ ತಾಯಿ ತೀರಿಕೊಂಡದ್ದು ಅದೇ ದಿನ. ಈ ಕತೆಯನ್ನು ಭಾವ ಮದುವೆಮನೆಯಿಂದ ಹಿಡಿದು ಮೀನು ಪೇಟೆಯವರೆಗೆ ಎಲ್ಲ ಕಡೆ ಹೇಳಿದ್ದಾರೆ, ಸ್ವಲ್ಪ ಹೆಮ್ಮೆಯಿಂದಲೇ.

ನಾನು ಅಂಕೋಲೆಯಲ್ಲಿ ಒಂದು ವಾರಪತ್ರಿಕೆ ನಡೆಸುತ್ತೇನೆ. ಎಂಟು ಪುಟ. ಗುರುವಾರ ಕಾರವಾರದಲ್ಲಿ ಅಚ್ಚಾಗುತ್ತದೆ, ಶುಕ್ರವಾರ ಓದುಗರ ಕೈಗೆ, ಶನಿವಾರ ಅವರ ಬಜ್ಜಿಯ ಅಡಿಗೆ. ಕಳೆದ ಫೆಬ್ರುವರಿಯಲ್ಲಿ ಅಕ್ಕ ಹುರಿದ ಬಂಗಡೆ ಮೀನಿನ ಡಬ್ಬಿ ಹಿಡಿದುಕೊಂಡು ನಮ್ಮ ಕಚೇರಿಗೆ ಬಂದಳು. ಬಂಗಡೆ ತಂದಿದ್ದಾಳೆಂದರೆ ಏನೋ ಕೇಳಲು ಬಂದಿದ್ದಾಳೆ ಎಂದು ನನಗೆ ತಿಳಿದೇ ಇತ್ತು.

"ತಮಾ, ಇವ್ರಿಗೆ ಒಂದು ಕೆಲ್ಸ ಕೊಡು. ಸಂಬಳ ಬೇಡ."

"ಎಂತ ಕೆಲ್ಸ ಅಕ್ಕಾ?"

"ರಾತ್ರಿ ಎಂಟರಿಂದ ಒಂಬತ್ತರ ತನಕ ಎಚ್ಚರ ಇರೂ ಕೆಲ್ಸ."

ನಾನು ನಕ್ಕೆ. ಅವಳು ನಗಲಿಲ್ಲ. "ಮದ್ವೆಯಾಗಿ ಇಪ್ಪತ್ತೆಂಟು ವರ್ಷ. ಇವ್ರ ಸಂಗ್ತಿಗೆ ಕುಂತು ಉಂಡದ್ದು ಎಷ್ಟು ದಿನ ಅಂತ ನಾ ಎಣಸೂಕೆ ಹೋಗೂದಿಲ್ಲ, ಎಣಸಿದ್ರೆ ಅಳು ಬತ್ತದೆ. ಈಗ ಮನೇಲೇ ಇದ್ರೂ ನನ್ನ ಊಟದ ಹೊತ್ತಿಗೆ ಅವ್ರಿಗೆ ನಿದ್ದೆ, ಅವ್ರ ಊಟದ ಹೊತ್ತಿಗೆ ನಂಗೆ ನಿದ್ದೆ. ದಿನಾ ಬೇಡ ತಮಾ. ವಾರಕ್ಕೊಂದ್ಸಲ ಸಾಕು, ಒಂದು ಹೊತ್ತು, ಎದ್ರಿಗೆ ಕುಂತು."

ಇಷ್ಟು ಸಣ್ಣ ಆಸೆಯನ್ನು ಇಷ್ಟು ವರ್ಷ ಬಚ್ಚಿಟ್ಟುಕೊಂಡ ಅಕ್ಕನ ಮೇಲೆ ನನಗೆ ಸಿಟ್ಟೇ ಬಂತು. ಬಂಗಡೆ ತಿನ್ನುತ್ತ ಯೋಚಿಸಿದೆ. ಆಗ ನಮ್ಮಲ್ಲಿ ಟಿವಿ ವಿಮರ್ಶೆಯ ಅಂಕಣ ಖಾಲಿ ಬಿದ್ದಿತ್ತು. ಹಿಂದೆ ಬರೆಯುತ್ತಿದ್ದ ಕಾರವಾರದ ಪ್ರೊಫೆಸರರು ಯಾವ ಧಾರಾವಾಹಿಯನ್ನೂ ನೋಡದೆಯೇ ಬರೆಯುತ್ತಿದ್ದರು. ಚೆನ್ನಾಗಿಯೇ ಬರೆಯುತ್ತಿದ್ದರು, ಪಾಪ, ವರ್ಗವಾಗಿ ಹೋದರು. ಭಾನುವಾರ ರಾತ್ರಿ ಎಂಟರಿಂದ ಎಂಟೂ ನಲವತ್ತೈದರವರೆಗೆ ಒಂದು ವಿಜ್ಞಾನ ಕತೆಗಳ ಧಾರಾವಾಹಿ ಬರುತ್ತಿತ್ತು, ವಾರಕ್ಕೊಂದು ಬೇರೆ ಕತೆ. ಯಂತ್ರ, ಗುಂಡಿ, ಮೀಟರು ಎಲ್ಲ ಇರುವುದರಿಂದ ಭಾವನಿಗೆ ಹೇಳಿ ಮಾಡಿಸಿದ ಹಾಗಿತ್ತು.

ಭಾವ ಒಪ್ಪಿದರು. ಒಂದೇ ಷರತ್ತು, ಡ್ಯೂಟಿಯ ಹೊತ್ತು ಲಿಖಿತವಾಗಿ ಕೊಡಬೇಕು. ಕೊಟ್ಟೆ. ಮೊದಲ ವಿಮರ್ಶೆ ಕೈಗೆ ಬಂದಾಗ ಪುಟ ಜೋಡಿಸುವ ವಿನುತಾ ಅದನ್ನು ಎರಡು ಸಲ ತಿರುಗಿಸಿ ನೋಡಿ, "ಸರ್, ಇದು ಲೇಖನವೋ ಲೈಟ್ ಬಿಲ್ಲೋ?" ಎಂದಳು. ಭಾವ ಕಂಟ್ರೋಲ್ ರೂಮಿನ ರಿಜಿಸ್ಟರಿನಂತೆ ಗೆರೆ ಎಳೆದು ಬರೆದಿದ್ದರು:

"8.00: ಕಂತು ಪ್ರಾರಂಭ. ಸಂಗೀತದ ಒತ್ತಡ ಅಧಿಕ.
8.07: ಗಗನನೌಕೆಯ ಎಂಜಿನ್ ಕೋಣೆ. ಒಬ್ಬನೂ ಹೆಲ್ಮೆಟ್ ಹಾಕಿಲ್ಲ.
8.12: ಜಾಹೀರಾತು. ಐದು ನಿಮಿಷ ನಷ್ಟ.
8.31: ನಾಯಕಿ ಕೆಂಪು ಗುಂಡಿ ಒತ್ತಿದಳು. ಯಾರ ಅನುಮತಿಯಿಂದ ಎಂಬುದು ತಿಳಿದುಬಂದಿಲ್ಲ.
8.45: ಮುಕ್ತಾಯ. ಷರಾ: ಎಲ್ಲ ಸಹಜ."

ಹಾಗೇ ಅಚ್ಚು ಹಾಕಿದೆ. ಓದುಗರಿಗೆ ಹುಚ್ಚು ಹಿಡಿಯಿತು. ರಾಮನಗುಳಿಯ ನಿವೃತ್ತ ಪೋಸ್ಟ್‌ಮಾಸ್ಟರ್ ಕಿಶನ ಎಂಬವರು ವಾರ ತಪ್ಪದೆ ಕಾರ್ಡು ಬರೆಯತೊಡಗಿದರು. "ಇಂಥ ಪ್ರಾಮಾಣಿಕ ವಿಮರ್ಶೆಯನ್ನು ಕನ್ನಡದಲ್ಲಿ ಕಂಡಿರಲಿಲ್ಲ" ಎಂಬ ಅವರ ಕಾರ್ಡನ್ನು ಭಾವ ಗೋಡೆಗೆ ಅಂಟಿಸಿದರು.

ಅಕ್ಕನ ಲೆಕ್ಕ ಬೇರೆ ನಡೆದಿತ್ತು. ಎಂಟೂ ನಲವತ್ತೈದಕ್ಕೆ "ಮುಕ್ತಾಯ" ಎಂದು ಬರೆದು ಭಾವ ಪೆನ್ನಿನ ಟೊಪ್ಪಿಗೆ ಹಾಕುವ ಹೊತ್ತಿಗೆ ಎರಡು ತಾಟು ನೆಲಕ್ಕಿಟ್ಟಾಗಿರುತ್ತಿತ್ತು. ಹೊಟ್ಟೆ ಯಾವ ಪಾಳಿಯಲ್ಲಿದ್ದರೂ ಬಿಸಿ ಮೀನು ಸಾರಿನ ಎದುರು ಭಾವ ಸೋಲುತ್ತಿದ್ದರು. ಒಂಬತ್ತು ಭಾನುವಾರ ಹೀಗೆ ನಡೆಯಿತು. ನಾಲ್ಕನೆಯ ವಾರದಿಂದ ಅಕ್ಕ ಸೋಮವಾರವೂ ಕತೆಯಲ್ಲಿ ತಿಳಿಯದ್ದನ್ನು ಕೇಳುವ ನೆಪದಲ್ಲಿ ಅವರನ್ನು ಎಂಟಕ್ಕೇ ಕೂರಿಸಿಕೊಂಡಳು, ಆಮೇಲೆ ಮಂಗಳವಾರವೂ. ಏಪ್ರಿಲ್ ಕೊನೆಗೆ ಫೋನು ಮಾಡಿ, "ತಮಾ, ಈ ವಾರ ನೈಟ್ ಶಿಫ್ಟು ಬರೂದಿತ್ತು, ಬರ್ಲೇ ಇಲ್ಲ! ಹತ್ತು ಗಂಟೆಗೆ ಗೊರಕೆ!" ಎಂದು ಕುಣಿದಾಡುವ ದನಿಯಲ್ಲಿ ಹೇಳಿದಳು. ಕಿಟಕಿಯ ಕಂಬಳಿ ಒಗೆದು ಮಡಚಿಟ್ಟಳಂತೆ.

ಮೇ ತಿಂಗಳ ಮೊದಲ ಭಾನುವಾರ ಬಂತು ಆ ಕಂತು.

ಕತೆ ಇಷ್ಟು. ಆಕಾಶದಲ್ಲಿ ಒಂದು ಕಪ್ಪು ನಕ್ಷತ್ರದ ಅಂಚಿನಲ್ಲಿ ಒಂದು ದೀಪದ ಮನೆ. ಹಾದುಹೋಗುವ ನೌಕೆಗಳಿಗೆ ದಾರಿ ತೋರಿಸಲು ಅಲ್ಲೊಬ್ಬ ಸದಾ ಕೂತಿರಬೇಕು. ನಕ್ಷತ್ರದ ಸೆಳೆತಕ್ಕೆ ಅಲ್ಲಿ ಕಾಲವೇ ನಿಧಾನ. ಅಲ್ಲಿಯ ಒಂದು ತಾಸು ಅಂದರೆ ಭೂಮಿಯ ಐದು ವರ್ಷ. ಮೂವತ್ತು ವಯಸ್ಸಿನ ನಾಯಕ ಇಪ್ಪತ್ತೆಂಟರ ಹೆಂಡತಿಗೆ ಟಾಟಾ ಮಾಡಿ ಎಂಟು ತಾಸಿನ ಡ್ಯೂಟಿಗೆ ಹೋಗುತ್ತಾನೆ. ಅವನೆದುರು ಸಣ್ಣ ಪರದೆಯಲ್ಲಿ ಅವನ ಮನೆ ಕಾಣುತ್ತದೆ. ಅವನ ಮೊದಲ ಚಹದ ಹೊತ್ತಿಗೆ ಅಲ್ಲಿ ಮಾವಿನ ಸಸಿ ಮರವಾಗಿರುತ್ತದೆ. ಎರಡನೇ ಚಹಕ್ಕೆ ಹೆಂಡತಿಯ ತಲೆಯಲ್ಲಿ ಬಿಳಿ ಕೂದಲು. ಆರು ತಾಸು ಕಳೆಯುತ್ತದೆ, ಅಂದರೆ ಮನೆಯಲ್ಲಿ ಮೂವತ್ತು ವರ್ಷ. ಆಗ ನೋಡಿದರೆ ಮನೆಯ ಬಾಗಿಲಿಗೆ ಬೀಗ. ನಾಯಕ ಗಾಬರಿಯಿಂದ ಕುರ್ಚಿ ಬಿಟ್ಟು ಎದ್ದು ಬಾಗಿಲ ಕಡೆಗೆ ಓಡುತ್ತಾನೆ.

ಅಷ್ಟರಲ್ಲಿ ಬೊಬ್ರುವಾಡದಲ್ಲಿ ಗಾಳಿಗೆ ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದು ಕರೆಂಟು ಹೋಯಿತು.

ಇಪ್ಪತ್ತಾರು ವರ್ಷ ಕರೆಂಟು ತಯಾರಿಸಿದ ಮನುಷ್ಯನ ಮನೆಯಲ್ಲಿ ಇನ್ವರ್ಟರ್ ಇಲ್ಲ. ಪ್ರೇಕ್ಷಾ ಕೊಡಿಸುತ್ತೇನೆಂದಾಗ ಭಾವ ಅದನ್ನು ಅವಮಾನವೆಂದು ತಿಳಿದು ಎರಡು ದಿನ ಮಾತು ಬಿಟ್ಟಿದ್ದರು. ಹಾಗಾಗಿ ಕತ್ತಲಲ್ಲಿ ಕಪ್ಪು ಪರದೆಯ ಎದುರೇ ಒಂಬತ್ತರವರೆಗೆ ಕೂತರಂತೆ. ಅಕ್ಕ ಚಿಮಣಿ ದೀಪ ಹಚ್ಚಿ ತಾಟಿಟ್ಟಳು, ಇಬ್ಬರೂ ಉಂಡರು. ಮರುದಿನ ಭಾವ ವಿಮರ್ಶೆ ಬರೆದು ಕಳಿಸಿದರು. ಅದರ ಕೊನೆಯ ಭಾಗ ಹೀಗಿತ್ತು:

"8.33: ಮನೆಗೆ ಬೀಗ ಕಂಡಿತು.
8.34: ನಾಯಕ ಕುರ್ಚಿ ಬಿಟ್ಟು ಎದ್ದ. ರಿಲೀವರ್ ಬಂದಿಲ್ಲ. ಚಾರ್ಜ್ ಕೊಟ್ಟಿಲ್ಲ. ದೀಪದ ಬಳಿ ಯಾರೂ ಇಲ್ಲ.
ಷರಾ: ಮನೆಗೆ ಬೀಗ ಬಿದ್ದದ್ದು ಕುರ್ಚಿ ಬಿಡಲು ಕಾರಣವಲ್ಲ. ಇಂಥವನನ್ನು ನಾಯಕ ಎನ್ನಲಾಗದು, ಅಮಾನತಿನಲ್ಲಿಡಬೇಕು. ಇಡೀ ಕತೆಯಲ್ಲಿ ರಿಲೀವರಿನ ಏರ್ಪಾಡೇ ಇಲ್ಲ. ಇದು ಕತೆ ಬರೆದವನ ತಪ್ಪು.
ವಿಶೇಷ ಸೂಚನೆ: 8.34ಕ್ಕೆ ಕರೆಂಟು ಹೋಯಿತು. ಮುಂದಿನ ಹನ್ನೊಂದು ನಿಮಿಷದ ರೀಡಿಂಗ್ ಇಲ್ಲ. ಕೊನೆಗೆ ಏನಾಯಿತೆಂದು ನಾನು ನೋಡಿಲ್ಲ. ನೋಡದ್ದನ್ನು ಬರೆದಿಲ್ಲ."

ಈಗ ನನ್ನ ಪಾಪದ ಕತೆ. ಬುಧವಾರ ಸಂಜೆ ಪುಟ ಮುಗಿಯುವ ಹೊತ್ತಿಗೆ ಒಂದು ಶ್ರದ್ಧಾಂಜಲಿ ಜಾಹೀರಾತು ಬಂತು. ಸತ್ತವರಿಗೆ ಮುಂದಿನ ವಾರ ಬನ್ನಿ ಎನ್ನಲಾಗುತ್ತದೆಯೇ? "ಸರ್, ಮಂಗೇಶಣ್ಣಂದು ನಾಲ್ಕು ಸಾಲು ಹೆಚ್ಚಾಯ್ತು," ಎಂದಳು ವಿನುತಾ. "ಕೆಳಗಿಂದ ತೆಗಿ," ಎಂದೆ, ತಲೆಯೆತ್ತದೆ. ಆ ನಾಲ್ಕು ಸಾಲು ಯಾವುವೆಂದು ನಾನು ಓದಲಿಲ್ಲ.

ಪತ್ರಿಕೆ ಹೊರಬಿತ್ತು. ಸೋಮವಾರ ಕಿಶನರ ಕಾರ್ಡು: "ನಿಮ್ಮ ವಿಮರ್ಶಕರು ಕೊನೆಯ ಹನ್ನೊಂದು ನಿಮಿಷ ಡ್ಯೂಟಿಯ ಮೇಲೆ ನಿದ್ದೆ ಹೊಡೆದಂತೆ ಕಾಣುತ್ತದೆ. ರಿಲೀವರ್ ಬರುವುದೇ ಆ ಕತೆಯ ಜೀವ. ಅದೇ ಅವರಿಗೆ ಕಾಣಲಿಲ್ಲವೆಂದರೆ ಏನು ಹೇಳೋಣ?" ಕಾರ್ಡು ಚುರುಕಾಗಿತ್ತು. ಓದುಗರ ಪತ್ರದ ಅಂಕಣ ಖಾಲಿಯೂ ಇತ್ತು. ಅಚ್ಚು ಹಾಕಿಬಿಟ್ಟೆ. ಸಂಪಾದಕನಾದವನಿಗೆ ಬುದ್ಧಿ ಒಂದಿದ್ದರೆ ಸಾಲದು, ಅದು ಸಮಯಕ್ಕೂ ಬರಬೇಕು. ನನ್ನದು ಶುಕ್ರವಾರ ಮಧ್ಯಾಹ್ನ ಭಾವನ ಸ್ಕೂಟರಿನ ಸದ್ದು ಕೇಳಿದಾಗ ಬಂತು.

ಭಾವ ಕಾರ್ಬನ್ ಪ್ರತಿ ಇಟ್ಟುಕೊಳ್ಳುವವರು. ಅದನ್ನು ಮೇಜಿನ ಮೇಲಿಟ್ಟರು, ಪಕ್ಕದಲ್ಲಿ ಪತ್ರಿಕೆ ಇಟ್ಟರು.

"ಇದ್ರಲ್ಲಿ ಎಷ್ಟು ಸಾಲು ಅದೆ? ಇದ್ರಲ್ಲಿ ಎಷ್ಟು ಅದೆ?"

ನಾನು ಓದಿದೆ. ಕಡಿದ ನಾಲ್ಕು ಸಾಲು ಕರೆಂಟು ಹೋದ ಸೂಚನೆಯೇ ಆಗಿತ್ತು.

"ಇಪ್ಪತ್ತಾರು ವರ್ಷದಲ್ಲಿ ನೋಡದ ಮೀಟರಿನ ರೀಡಿಂಗು ಒಂದೂ ಬರೆದವ ಅಲ್ಲ ನಾನು. ಮಂಗೇಶ ಡ್ಯೂಟಿ ಮೇಲೆ ಮಲಗ್ದ ಅಂತ ಯಾವ ಇಂಜಿನಿಯರ್ರೂ ಹೇಳೂಕಾಗ್ಲಿಲ್ಲ," ಎಂದರು ಭಾವ. ದನಿ ಏರಲಿಲ್ಲ, ಅದೇ ಹೆದರಿಕೆಯ ಸಂಗತಿ. "ನೀ ಹೇಳ್ಸಿದೆ. ಹೆಂಡ್ತಿ ತಮ್ಮ."

ತಪ್ಪೊಪ್ಪಿಗೆ ಹಾಕುತ್ತೇನೆಂದೆ. ಕೊನೆಯನ್ನು ನೋಡದೆ ಎಂತದ ತಪ್ಪೊಪ್ಪಿಗೆ ಎಂದರು. ವಿನುತಾ ತನ್ನ ಮೊಬೈಲಿನಲ್ಲಿ ಆ ಕಂತನ್ನು ತೆಗೆದು ಕೊಡಲು ಬಂದಳು. "ಬ್ಯಾರೆಯವ್ರ ಮೀಟರಿನ ರೀಡಿಂಗು ನಾ ತಗಳೂದಿಲ್ಲ. ನನ್ನ ಟಿವಿಯಲ್ಲಿ ನಿಂತದ್ದು, ನನ್ನ ಟಿವಿಯಲ್ಲೇ ನೋಡ್ಬೇಕು," ಎಂದು ಹೊರಟುಹೋದರು.

ಆ ದಿನದಿಂದ ಭಾವ ಮೂರನೇ ಪಾಳಿಗೆ ಹೋದರು. ಈ ಸಲ ವಾರಕ್ಕೊಮ್ಮೆ ತಿರುಗುವುದೂ ಇಲ್ಲ, ಕಾಯಂ. ಅಕ್ಕ ಮಡಚಿಟ್ಟ ಕಂಬಳಿ ಮತ್ತೆ ಕಿಟಕಿಗೇರಿತು. ಭಾನುವಾರ ಎಂಟಕ್ಕೆ ಟಿವಿಯ ಎದುರಿನ ಕುರ್ಚಿ ಖಾಲಿ, ಅಂಕಣವೂ ಖಾಲಿ.

"ನೀ ನಾಲ್ಕು ಸಾಲು ಕಡ್ದದ್ದಲ್ಲ ತಮಾ, ನನ್ನ ಊಟ ಕಡ್ದೆ," ಎಂದಳು ಅಕ್ಕ ಫೋನಿನಲ್ಲಿ. "ಇಷ್ಟು ವಾರ ಉಂಡು ಅಭ್ಯಾಸ ಆಗಿತ್ತು. ಮೊದ್ಲೇ ಆಗಿದ್ರೆ ಒಬ್ಳೇ ಉಣ್ಣೂದು ಗೊತ್ತೂ ಆಗ್ತಿರ್ಲಿಲ್ಲ. ಈಗ ತುತ್ತು ಇಳೀತಿಲ್ಲ."

ನನಗೂ ಆ ರಾತ್ರಿ ಊಟ ಸೇರಲಿಲ್ಲ. ಅಕ್ಕನಿಗೆ ಕೊಡಿಸಿದ್ದನ್ನು ನಾನೇ ಕಿತ್ತುಕೊಂಡಿದ್ದೆ.

ಆ ಚಾನೆಲ್ಲಿನವರು ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಒಂದಕ್ಕೆ ಆ ತಿಂಗಳ ಮೊದಲ ಕಂತನ್ನು ಮತ್ತೆ ತೋರಿಸುತ್ತಾರೆಂದು ವಿನುತಾ ಪತ್ತೆ ಮಾಡಿದಳು. ನಾನು ಕರಿ ಇಶಾಡ ಮಾವಿನ ಹಣ್ಣಿನ ಬುಟ್ಟಿ ಹೊತ್ತುಕೊಂಡು ಹನ್ನೆರಡೂವರೆಗೆ ಬೊಬ್ರುವಾಡಕ್ಕೆ ಹೋದೆ. ಭಾವನಿಗೆ ಅದು ನಡುರಾತ್ರಿ. ಒಳಗಿಂದ ಗೊರಕೆ ಕೇಳುತ್ತಿತ್ತು.

"ಏಳ್ತಾರಾ?" ಎಂದೆ.

"ಏಳದೆ ಎಲ್ಲಿ ಹೋತಾರೆ?" ಎಂದು ಅಕ್ಕ ಸೆರಗು ಸಿಕ್ಕಿಸಿಕೊಂಡು ಕೋಣೆಗೆ ಹೋಗಿ, ಹಾಸಿಗೆಯ ಪಕ್ಕ ನಿಂತು, ಕಂಟ್ರೋಲ್ ರೂಮಿನಲ್ಲಿ ಅಪಾಯ ಬಂದಾಗ ಕೂಗುವ ಮಾತನ್ನು ಗಟ್ಟಿಯಾಗಿ ಹೇಳಿದಳು: "ಫ್ರೀಕ್ವೆನ್ಸಿ ಬೀಳ್ತಾ ಅದೆ!"

ಭಾವ ಒಂದೇ ನೆಗೆತಕ್ಕೆ ಬಾಗಿಲಲ್ಲಿದ್ದರು, ಲುಂಗಿ ಕೈಯಲ್ಲಿ. ನನ್ನನ್ನು ನೋಡಿ, ಟಿವಿ ನೋಡಿ, ವಿಷಯ ತಿಳಿದುಕೊಂಡರು. ಲುಂಗಿ ಸುತ್ತಿಕೊಂಡು ಮುಖ ತೊಳೆದು ರಿಜಿಸ್ಟರು ತೆಗೆದುಕೊಂಡು ಕೂತರು.

"ಭಾವ, ನಂದು ತಪ್ಪಾಯ್ತು," ಎಂದೆ.

"ಹನ್ನೊಂದು ನಿಮಿಷದ ರೀಡಿಂಗು ಬಾಕಿ ಅದೆ. ಅಷ್ಟೇ," ಎಂದರು, ನನ್ನತ್ತ ತಿರುಗದೆ.

ಕಂತು ಶುರುವಾಯಿತು. ಅಕ್ಕ ಎಂದಿನಂತೆ ಅಡುಗೆಮನೆಯ ಬಾಗಿಲಿಗೆ ಒರಗಿ, ಕೈಯಲ್ಲಿ ಸೌಟು, ಒಂದು ಕಣ್ಣು ಒಲೆಯ ಮೇಲೆ, ಇನ್ನೊಂದು ಟಿವಿಯ ಮೇಲೆ. ಇಷ್ಟು ವಾರವೂ ಅವಳು ನಿಂತೇ ನೋಡಿದ್ದಳೆಂದು ನನಗೆ ಆಗ ಹೊಳೆಯಿತು. ಮೂವತ್ತನಾಲ್ಕನೇ ನಿಮಿಷ ಬಂತು. ಬೀಗ ಕಂಡಿತು. ನಾಯಕ ಎದ್ದ. ನಾವು ಮೂವರೂ ಟಿವಿ ಬಿಟ್ಟು ಮೇಲಿನ ಬಲ್ಬನ್ನು ನೋಡಿದೆವು. ಅದು ಉರಿಯುತ್ತಲೇ ಇತ್ತು.

ನಾಯಕ ಬಾಗಿಲು ತೆರೆದರೆ ಹೊರಗೆ ಒಬ್ಬಳು ಮುದುಕಿ ನಿಂತಿದ್ದಾಳೆ, ಹೆಗಲಿಗೆ ಚೀಲ. ಅವನ ಹೆಂಡತಿ. ಮನೆಗೆ ಬೀಗ ಹಾಕಿ ಬಂದವಳು ಅವಳೇ. ಅವನು ಅವಳ ಬಿಳಿ ಕೂದಲನ್ನು ನೋಡುತ್ತ ಅಳುತ್ತಾನೆ. ಅವಳು ಅಳುವುದಿಲ್ಲ. ನೇರ ಹೋಗಿ ಅವನ ಕುರ್ಚಿಯಲ್ಲಿ ಕೂತು ದೀಪ ಸರಿ ಮಾಡುತ್ತಾಳೆ. "ನಾನು ಮೂವತ್ತು ವರ್ಷ ಕಾದೆ. ಈಗ ನೀನು ಮನೆಗೆ ಹೋಗಿ ಕಾಯಿ. ಆರು ತಾಸು ಬಿಟ್ಟು ಬರುತ್ತೇನೆ," ಎನ್ನುತ್ತಾಳೆ. ಅವನು ಹೋಗುತ್ತಾನೆ. ಮನೆಯ ಬೀಗ ತೆಗೆಯುತ್ತಾನೆ. ಮುಕ್ತಾಯ.

ಅಕ್ಕ ಮೊದಲು ನಕ್ಕಳು, ಸೌಟಿನಿಂದ ಸಾರು ತೊಟ್ಟಿಕ್ಕುವಷ್ಟು. "ಸರಿ ಮಾಡದ್ಲು!"

ಭಾವ ರಿಜಿಸ್ಟರಿನ ಅಂಚಿನಲ್ಲಿ ಏನೋ ಲೆಕ್ಕ ಹಾಕುತ್ತಿದ್ದರು. "ಅವ್ಳು ಆರು ತಾಸು ಕುಂತ್ರೆ ಅಂವಂಗೆ ಮೂವತ್ತು ವರ್ಷ. ಅಂವ ಅರವತ್ತು, ಅವ್ಳು ಐವತ್ತೆಂಟು. ಮೊದ್ಲಿದ್ದಷ್ಟೇ ಅಂತರ ಬಂತು. ಲೆಕ್ಕ ಸರಿ ಅದೆ." ಆಮೇಲೆ ಕನ್ನಡಕ ತೆಗೆದು, "ಆದ್ರೆ ಟ್ರೇನಿಂಗ್ ಇಲ್ದವ್ಳು ಹಾಂಗೆ ಬಂದು ಕುರ್ಚಿ ಮೇಲೆ ಕುಂತ್ರೆ ಹ್ಯಾಂಗೆ?" ಎಂದರು.

ಅಕ್ಕನ ನಗು ಅಲ್ಲಿಗೇ ನಿಂತಿತು.

"ಟ್ರೇನಿಂಗಾ? ಮೂವತ್ತು ವರ್ಷ ಆ ಮನೇಲಿ ಅವ್ಳು ಎಂತ ಮಾಡ್ತಿದ್ಲು ಅಂತ ತಿಳಕಂಡ್ರಿ? ಅವ್ಳದ್ದೂ ಡ್ಯೂಟಿಯೇ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಿಮ್ಗೆ ಎಂಟು ತಾಸಿಗೊಬ್ಬ ರಿಲೀವರ್ ಬತ್ತಿದ್ದ. ಒಂದು ದಿನ ಬರ್ಲಿಲ್ಲ ಅಂತ ಇಪ್ಪತ್ತು ತಾಸು ಕುಂತದ್ದನ್ನ ಇವತ್ತಿಗೂ ಊರೆಲ್ಲ ಹೇಳ್ತ್ರಿ. ಆ ಇಪ್ಪತ್ತು ತಾಸು ನಿಮ್ಮ ಅಬ್ಬೆ ಹೆಣದ ಮುಂದೆ ಕುಂತವ್ಳು ನಾನು. ಅದನ್ನ ಯಾರಿಗಾದ್ರೂ ಹೇಳಿದ್ರ್ಯಾ? ಅವ್ರ ಹಾಸ್ಗೆ ತೊಳ್ದವ್ಳು ನಾನು, ಆಕಳ ಕರು ಎಳ್ದವ್ಳು ನಾನು, ಪ್ರೇಕ್ಷಾಗೆ ಜ್ವರ ಬಂದ್ರೆ ಗದ್ದೆಯಿಂದ ಓಡಿದವ್ಳು ನಾನು. ಇಪ್ಪತ್ತೆಂಟು ವರ್ಷ ಆಯ್ತು ನಾ ಈ ಕುರ್ಚಿ ಮೇಲೆ ಕುಂತು. ನನ್ನ ರಿಲೀವರ್ ಎಲ್ಲಿ?"

ಟಿವಿಯಲ್ಲಿ ಸೋಪಿನ ಜಾಹೀರಾತು ಬರುತ್ತಿತ್ತು. ನಾನು ಎದ್ದು ಬಂದ್ ಮಾಡಿದೆ. ನನ್ನ ಸ್ವಂತ ಅಕ್ಕ, ಆದರೂ ಇಷ್ಟು ವರ್ಷದಲ್ಲಿ ನಾನೂ ಒಂದು ದಿನ ಬಂದು "ನೀ ಸ್ವಲ್ಪ ಕೂತ್ಕೋ" ಎಂದವನಲ್ಲ. ಬಂದಾಗಲೆಲ್ಲ ಬಂಗಡೆ ತಿಂದು ಹೋದವನು. ನಾಚಿಕೆಯಾಯಿತು.

ಭಾವ ಮತ್ತೆ ಕಂಬಳಿಯ ಹಿಂದೆ ಹೋಗುತ್ತಾರೆಂದುಕೊಂಡೆ. ಅವರು ಎದ್ದು, ಅಂಗಿ ಹಾಕಿಕೊಂಡು, ಗುಂಡಿಗಳನ್ನೆಲ್ಲ ಮೇಲಿನಿಂದ ಕೆಳಗಿನವರೆಗೆ ಹಾಕಿ, ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಗೆ ಹೋದರು.

"ಚಾರ್ಜ್ ಹೇಳು," ಎಂದರು.

"ಎಂತದು?" ಎಂದಳು ಅಕ್ಕ.

"ಎಂತೆಂತ ಓಡ್ತಾ ಅದೆ ಹೇಳು. ನಾ ನೋಡಿ ಬರಕಳ್ತೆ."

ಅಕ್ಕ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಬೆರಳು ತೋರಿಸುತ್ತ ಹೇಳತೊಡಗಿದಳು: "ಈ ಬದಿ ಒಲೆ ಮೇಲೆ ಅನ್ನ, ಗಂಜಿ ಬಸೀಬೇಕು. ಆ ಬದಿ ಮೀನು ಸಾರು. ಹುಳಿ ಹಾಕಾಯ್ತು, ಉಪ್ಪು ಹಾಕ್ಬೇಕು. ಹುರಿಯೂ ಮೀನಿಗೆ ಮಸಾಲೆ ಸವರಿಟ್ಟದ್ದು ಅಲ್ಲಿ ಅದೆ. ಆಕಳಿಗೆ ನಾಲ್ಕು ಗಂಟೆಗೆ ನೀರು."

ಭಾವ ಪ್ರತಿಯೊಂದನ್ನೂ ಮುಚ್ಚಳ ತೆಗೆದು ಕಣ್ಣಿಂದ ನೋಡಿದರು. ಬಗ್ಗಿ ಒಲೆಯ ಉರಿ ನೋಡಿದರು. ಸಿಲಿಂಡರನ್ನು ಅಲ್ಲಾಡಿಸಿದರು. ಹಿತ್ತಿಲಿಗೆ ಹೋಗಿ ಆಕಳನ್ನೂ ನೋಡಿ ಬಂದರು. ಆಕಳೂ ಅವರನ್ನು ನೋಡಿತು, ಹಗಲಿನಲ್ಲಿ ಕಂಡು ಗುರುತು ಹತ್ತಲಿಲ್ಲವೋ ಏನೋ. ಎಲ್ಲ ಬರೆದುಕೊಂಡು ಸಹಿ ಹಾಕಿ, ಪೆನ್ನನ್ನು ಅಕ್ಕನ ಕೈಗೆ ಕೊಟ್ಟರು. ಅಕ್ಕನೂ ಸಹಿ ಮಾಡಿದಳು.

ಭಾವ ಸೌಟು ತೆಗೆದುಕೊಂಡು ನೆಟ್ಟಗೆ ನಿಂತು ಹೇಳಿದರು: "ನಾ ಬಂದೆ, ನೀ ಹೋಗು."

"ಎಲ್ಲಿಗೆ ಹೋಗೂದು?"

"ಅದು ನಿನ್ನ ಮರ್ಜಿ. ರಿಲೀವ್ ಆದವ್ರು ಕಂಟ್ರೋಲ್ ರೂಮಲ್ಲಿ ನಿಲ್ಲೂಕಿಲ್ಲ."

ಅಕ್ಕ ಹೊರಗೆ ಬಂದಳು. ಎಲ್ಲಿ ಹೋಗಬೇಕೆಂದು ತಿಳಿಯದೆ ನಡುಮನೆಯಲ್ಲಿ ಒಂದು ಸುತ್ತು ಬಂದು, ಕೊನೆಗೆ ಟಿವಿಯ ಎದುರಿನ ಭಾವನ ಕುರ್ಚಿಯಲ್ಲಿ ಕೂತಳು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು, ತೆಗೆದಳು, ಮತ್ತೆ ಇಟ್ಟುಕೊಂಡಳು. ಒಳಗಿನಿಂದ ಏನೋ ಬಿದ್ದ ಸದ್ದಾಯಿತು. ಅವಳು ಅರ್ಧ ಎದ್ದಳು. "ಎಲ್ಲ ಸಹಜ!" ಎಂದು ಭಾವ ಕೂಗಿದರು. ಅವಳು ಕೂತಳು. ಕಣ್ಣೊರೆಸಿಕೊಂಡು, "ತಮಾ, ಆ ಮಾವಿನ ಹಣ್ಣು ಕೊಡು," ಎಂದಳು. ನಾನು ಕತ್ತರಿಸಿ ಕೊಟ್ಟೆ. ಅವಳು ಕೂತೇ ತಿಂದಳು.

ಎರಡೂವರೆಗೆ ಭಾವ ಮೂರು ತಾಟು ತಂದಿಟ್ಟು ಅಕ್ಕನ ಎದುರು ಕೂತರು. ಅನ್ನ ಮುದ್ದೆಯಾಗಿತ್ತು. ಮೀನಿನ ಒಂದು ಬದಿ ಕರಕಲು. ಆದರೂ ಮೂವರೂ ಎರಡೆರಡು ಸಲ ಬಡಿಸಿಕೊಂಡೆವು.

ಮುಂದಿನ ವಾರ ಮೊದಲ ಪುಟದಲ್ಲಿ ಆ ವಿಮರ್ಶೆಯನ್ನು ಪೂರ್ತಿ ಹಾಕಿದೆ, ನಾನು ಕಡಿದ ನಾಲ್ಕು ಸಾಲು ಸಮೇತ, ಬಾಕಿಯಿದ್ದ ಹನ್ನೊಂದು ನಿಮಿಷದ ರೀಡಿಂಗ್ ಸಮೇತ. ನಾಯಕನ ಮೇಲಿನ ಅಮಾನತನ್ನು ಭಾವ ವಾಪಸ್ ಪಡೆದಿದ್ದರು. ಕಿಶನರು ಕ್ಷಮೆ ಕೇಳಿ ಎರಡು ಕಾರ್ಡು ಬರೆದರು.

ಆದರೆ ಆ ದಿನ ನಾನು ಹೊರಡುವ ಮೊದಲು ರಿಜಿಸ್ಟರು ಜಗಲಿಯ ಮೇಲೆ ತೆರೆದೇ ಬಿದ್ದಿತ್ತು, ಓದಿದೆ. ಭಾವನ ದುಂಡಗಿನ ಅಕ್ಷರ: "2.30: ಊಟ. ಇಬ್ಬರೂ ಹಾಜರು. ಅತಿಥಿ ಒಬ್ಬ. ಷರಾ: ಎಲ್ಲ ಸಹಜ." ಅದರ ಕೆಳಗೆ ಅಕ್ಕ ತನ್ನ ಕೈಯಾರೆ ಬರೆದಿದ್ದಳು: "ಸಾರಿಗೆ ಉಪ್ಪು ಕಡಿಮೆ. ಆದರೂ ಚಾರ್ಜ್ ವಾಪಸ್ ತೆಗೆದುಕೊಳ್ಳುವುದಿಲ್ಲ."